ಹಳದಿ ಬಿದ್ದ ಹೆಡ್‌ಲೈಟ್ ಗ್ಲಾಸ್ ಮನ್ಯಾಗ ತಿಕ್ಕಿ ಸರಿ ಮಾಡಬಹುದೇನ್ರಿ? ಬರೇ ಪಾಲಿಶ್ ಸಾಕೋ, ಕ್ಲಿಯರ್ (ಬಣ್ಣ ಇಲ್ಲದ ಪಾರದರ್ಶಕ ಲೇಪ) ಹೊಡೀಬೇಕೋ?

ಉಣಕಲ್_ಸವಾರ
ಎಲ್ಲಾರಿಗೂ ನಮಸ್ಕಾರ್ರಿ. ಗಾಡಿ 2014ರ ಹ್ಯಾಚ್‌ಬ್ಯಾಕ್. ಎರಡೂ ಹೆಡ್‌ಲೈಟ್ ಮಬ್ಬಾಗ್ಯಾವ. ಎಡಗಡೇದು ಬರೇ ಹಳದಿ. ಬಲಗಡೇದರ ಮ್ಯಾಲಿನ ಪದರ ಅಲ್ಲಲ್ಲೆ ಸಿಪ್ಪಿ ಎದ್ದಂಗ ಎದ್ದೈತಿ. ಗದಗ ರೋಡಿನ್ಯಾಗ ರಾತ್ರಿ ಲೋ ಬೀಮ್ ಹಾಕಿದ್ರ ಏನೂ ಕಾಣವಲ್ತು, ರಿಫ್ಲೆಕ್ಟರ್ ಇಲ್ಲದ ಟ್ರೇಲರು, ಚಕ್ಕಡಿ ಹತ್ರ ಬಂದ ಮ್ಯಾಲೇ ಗೊತ್ತಾಗತಾವ.

ಕೇಳೂದು ಇಷ್ಟ: ಯಾವ ನಂಬರಿನ ಉಜ್ಜೋ ಪೇಪರಿನಿಂದ ಶುರು ಮಾಡಬೇಕು? ತಿಕ್ಕಿದ ಮ್ಯಾಲೆ ಏನು ಹಚ್ಚಬೇಕು? ಇಲ್ಲಾ ಗ್ಲಾಸ್ ಹಂಗೇ ಬಿಟ್ಟು 100/90 ವಾಟಿನ ಬಲ್ಬ್ ಹಾಕಿದ್ರ ನಡೀತೈತೇನು?

ಬ್ಯಾಡಗಿ_ಕೆಂಪು
ಟೂತ್‌ಪೇಸ್ಟ್ ಹಚ್ಚಿ ಒದ್ದಿ ಅರಿವೀಲೆ ತಿಕ್ರಿ. ಹತ್ತು ನಿಮಿಷದ ಕೆಲಸ. ಪೇಪರು ಗೀಪರು ಯಾಕ?

ಗೋಕುಲ್‌ರೋಡ್_ಪೇಂಟ್
ಬ್ಯಾಡಗಿ ಅಣ್ಣಾರ, ಟೂತ್‌ಪೇಸ್ಟಿನ್ಯಾಗೂ ಸಣ್ಣ ಉಜ್ಜೋ ಪುಡಿನೇ ಇರತೈತಿ, ಅದಕ್ಕ ತುಸು ಬೆಳ್ಳಗ ಕಾಣತೈತಿ ಅಷ್ಟ. ಸತ್ತ ಪದರ ಅದರಿಂದ ಹೋಗಂಗಿಲ್ಲ. ಕೆಲವೇ ವಾರದಾಗ ಮತ್ತ ಮೊದಲಿನಂಗ. ಪದರ ಸಿಪ್ಪಿ ಎದ್ದಿದ್ದಕ್ಕಂತೂ ಉಪಯೋಗಿಲ್ಲ.

ಉಣಕಲ್ ಸರ, ಪೇಪರ್ ತರೂಕಿಂತ ಮೊದಲ ಒಂದು ಪರೀಕ್ಷೆ ಮಾಡ್ರಿ. ಗ್ಲಾಸ್ ತೊಳದು ಒಣಗಿಸಿ, ಅದರ ಮ್ಯಾಲೆ ನೀರು ಚುಮುಕಿಸ್ರಿ. ಒದ್ದಿ ಇದ್ದಾಗ ಗ್ಲಾಸ್ ತಿಳಿಯಾಗಿ, ಒಣಗಿದ ಮ್ಯಾಲೆ ಮತ್ತ ಮಬ್ಬಾದ್ರ ದೋಷ ಹೊರಗಿನ ಮೈಮ್ಯಾಲೆ ಐತಿ, ತಿಕ್ಕಿದ್ರ ಹೋಗತೈತಿ. ಒದ್ದಿ ಇದ್ದಾಗಲೂ ಮಬ್ಬೇ ಇದ್ರ ಒಳಗಿನ ಮೈಗೆ ಹೊಗಿ-ಧೂಳ ಕುಂತೈತಿ, ಇಲ್ಲಾ ಪ್ಲಾಸ್ಟಿಕ್ಕಿನ ಆಳದಾಗ ಕೂದಲೆಳಿ ಬಿರುಕು ಬಿಟ್ಟೈತಿ ಅಂತ ತಿಳೀರಿ. ಅದನ್ನ ಹೊರಗಿನಿಂದ ಎಷ್ಟ ತಿಕ್ಕಿದ್ರೂ ಕೈ ನೋವಷ್ಟ.

ಪಾಲಿಮರ್_ಧಾರವಾಡ
ನೀರಿನ ಪರೀಕ್ಷೆ ಸರಿ ಅದ. ಕಾರಣಾನೂ ಹೇಳಿಬಿಡ್ತೀನಿ, ಯಾಕಂದ್ರ ಕಾರಣ ಗೊತ್ತಿಲ್ಲದ ಮಂದಿನೇ ಅರ್ಧ ಕೆಲಸಕ್ಕ ನಿಲ್ಲಸ್ತಾರ. ಈ ಲೆನ್ಸು ಪಾಲಿಕಾರ್ಬೊನೇಟು. 1953ರಾಗ ಜರ್ಮನಿ ಮತ್ತು ಅಮೆರಿಕದಾಗ ಬ್ಯಾರೆ ಬ್ಯಾರೆಯಾಗಿ ಕಂಡುಹಿಡಿದ ಪ್ಲಾಸ್ಟಿಕ್ ಇದು. ಕಲ್ಲು ಬಡದ್ರ ಗಾಜಿನಂಗ ಚೂರಾಗೂದಿಲ್ಲ, ಹಗುರ, ಬೇಕಾದ ಆಕಾರಕ್ಕ ಎರಕ ಹೊಯ್ಯಬಹುದು. ಆದ್ರ ಅದಕ್ಕ ಎರಡು ಕೊರತೆ ಅವ. ಮೈ ಮೆತ್ತಗ, ಲಗೂನ ಗೀರು ಬೀಳ್ತದ. ಇನ್ನೊಂದು, ಬಿಸಲಿನ ಅತಿನೇರಳೆ ಕಿರಣ ತಾಗಿದ್ರ ಅದರ ಅಣುಸರಪಳಿ ಮುರೀತದ, ಹಂಗ ಮುರದಾಗ ಹುಟ್ಟೂ ಹೊಸ ರಾಸಾಯನಿಕಗಳಿಂದ ಹಳದಿ ಬಣ್ಣ ಬರ್ತದ. ಅದಕ್ಕಂತನೇ ಕಾರ್ಖಾನ್ಯಾಗ ಒಂದು ಗಟ್ಟಿ ಪಾರದರ್ಶಕ ಲೇಪ ಕೊಟ್ಟಿರ್ತಾರ, ಕೂದಲಿಗಿಂತ ತೆಳ್ಳಗಿಂದು.

ಆ ಲೇಪ ಬಿಸಲಿಗೆ, ಧೂಳಿಗೆ ಸವದು ಹೋದ ಮ್ಯಾಲೆ ಪ್ಲಾಸ್ಟಿಕ್ ಬೆತ್ತಲೆ ಆಗ್ತದ. ನೀವು ಪೇಪರಿನಿಂದ ತಿಕ್ಕಿ ಪಾಲಿಶ್ ಮಾಡಿ ಕನ್ನಡಿಯಂಗ ಹೊಳಸ್ತೀರಲ್ಲ, ಆವಾಗ ಉಳಿದಿದ್ದ ಚೂರುಪಾರು ಲೇಪಾನೂ ತೆಗದು ಹಾಕಿರ್ತೀರಿ. ಅಂದ್ರ ಪಾಲಿಶ್ ಆದ ದಿನ ಅದು ನೋಡ್ಲಿಕ್ಕೆ ಚಂದ, ರಕ್ಷಣೆ ಮಾತ್ರ ಮೊದಲಿಗಿಂತ ಕಡಿಮಿ. ಹೊಸ ಲೇಪ ಕೊಡದಿದ್ರ ನಮ್ಮ ಬ್ಯಾಸಗಿ ಬಿಸಲಿಗೆ ಕೆಲವೇ ತಿಂಗಳಿಗೆ ಮತ್ತ ಹಳದಿ ತಿರಗ್ತದ.

ಬ್ಯಾಡಗಿ_ಕೆಂಪು
ಹಂಗಾದ್ರ ಕಿಟ್ ಮಾರೋವ್ರು ಪೆಟ್ಟಿಗಿ ಮ್ಯಾಲೆ ಬರೇ ಪೇಪರು, ಕಂಪೌಂಡಿನ ಫೋಟೋ ಯಾಕ ಹಾಕ್ಯಾರ?

ಪಾಲಿಮರ್_ಧಾರವಾಡ
ಚಲೋ ಕಿಟ್‌ನಾಗ ಕಡೀಕೆ ಹಚ್ಚೂ ಒಂದು ಸಣ್ಣ ಬಾಟ್ಲಿ ಇಲ್ಲಾ ಪಾಕೀಟಿನ್ಯಾಗ ನೆನದ ಅರಿವಿ ಇರ್ತದ. ಅದರ ಮ್ಯಾಲೆ ಯುವಿ (ಅತಿನೇರಳೆ ಕಿರಣ) ರಕ್ಷಣೆ ಅಂತ ಬರದಿರ್ಬೇಕು. ಅದಿಲ್ಲದ ಕಿಟ್ ತಗೋಬ್ಯಾಡ್ರಿ.

ಹಾವೇರಿ_ಹೈವೇ
2018ರಲ್ಲಿ ಅಮೆರಿಕದ ವಾಹನ ಸವಾರರ ಸಂಘ ಎಎಎ ಇದನ್ನು ಅಳೆದು ನೋಡಿತ್ತು. ಮಬ್ಬಾದ ಹಳೆ ಹೆಡ್‌ಲೈಟಿನಿಂದ ಹೊಸದರ ಶೇ. 20ರಷ್ಟು ಬೆಳಕು ಮಾತ್ರ ರಸ್ತೆಗೆ ಬೀಳುತ್ತಿತ್ತು. ಉಜ್ಜಿ ಸರಿ ಮಾಡಿದ ಮೇಲೆ ಸುಮಾರು ಶೇ. 70ಕ್ಕೆ ಬಂತು. ಪೂರ್ತಿ ಹೊಸದರಷ್ಟು ಆಗುವುದಿಲ್ಲ ನಿಜ, ಆದರೆ ವ್ಯತ್ಯಾಸ ಸಣ್ಣದಲ್ಲ. ಇನ್ನೊಂದು ಮಾತು, ಕಳೆದುಹೋದ ಬೆಳಕು ಸುಮ್ಮನೆ ಮಾಯವಾಗುವುದಿಲ್ಲ, ಮಬ್ಬು ಗ್ಲಾಸಿನಲ್ಲಿ ಚದುರಿ ಎದುರಿನಿಂದ ಬರುವವರ ಕಣ್ಣಿಗೆ ಹೊಡೆಯುತ್ತದೆ. ನಮಗೂ ಕಾಣುವುದಿಲ್ಲ, ಅವರಿಗೂ ಕಾಣುವುದಿಲ್ಲ.

ಅದಕ್ಕೇ 100/90 ಬಲ್ಬು ಉತ್ತರ ಅಲ್ಲ. ಎಚ್4 (ಹೈ, ಲೋ ಎರಡೂ ಬೀಮ್ ಒಂದರಲ್ಲೇ ಇರುವ) ಬಲ್ಬಿನ ಅಳತೆ 60/55 ವಾಟು. ಹೆಚ್ಚು ವಾಟು ಹಾಕಿದರೆ ಶಾಖಕ್ಕೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರಿನ ಬೆಳ್ಳಿ ಬಣ್ಣ ಕಪ್ಪಿಡುತ್ತದೆ, ರಿಲೇ ಇಲ್ಲದಿದ್ದರೆ ವೈರಿಂಗ್ ಬಿಸಿಯಾಗುತ್ತದೆ. ಮಬ್ಬು ಹೋಗದೆ ಬೆಳಕು ಹೆಚ್ಚಿಸಿದರೆ ಚದುರುವುದೂ ಹೆಚ್ಚುತ್ತದೆ.

ಗೋಕುಲ್‌ರೋಡ್_ಪೇಂಟ್
ಪೂರ್ತಿ ಕ್ರಮ ಬರೀತೀನಿ. ಉಣಕಲ್ ಸರ, ನಿಮ್ಮ ಎರಡೂ ಬದಿಗೆ ಬ್ಯಾರೆ ಬ್ಯಾರೆ ನಂಬರ್ ಬೇಕು.

ತರೂ ಸಾಮಾನು: 600, 1000, 1500, 2000, 3000 ನಂಬರಿನ ವಾಟರ್ ಪೇಪರ್, ಪ್ರತಿ ನಂಬರಿಗೆ ಎರಡು ಹಾಳಿ. ಪೇಂಟ್ ಅಂಗಡ್ಯಾಗ 2000ದ ಮಟ ಸಿಗತಾವ, 3000 ಕಾರ್ ಡೀಟೇಲಿಂಗ್ ಸಾಮಾನಿನ ಅಂಗಡ್ಯಾಗ ಇಲ್ಲಾ ಆನ್‌ಲೈನ್ ತರಿಸಬೇಕು. ಒಂದು ಮೆತ್ತನ್ನ ಫೋಮ್ ಬ್ಲಾಕ್. ಪೇಂಟಿನವರು ವಾಪರಸೂ ಮಾಸ್ಕಿಂಗ್ ಟೇಪು, ಪ್ಯಾಕಿಂಗ್ ಟೇಪ್ ನಡಿಯಂಗಿಲ್ಲ. ಚಿಮುಕಿಸೂ ಬಾಟ್ಲಿ, ಅರ್ಧ ಲೀಟರ್ ನೀರಿಗೆ ಎರಡು ಹನಿ ಕಾರ್ ಶಾಂಪೂ. ಐಸೊಪ್ರೊಪೈಲ್ ಆಲ್ಕೋಹಾಲ್. ಎರಡು ಮೈಕ್ರೋಫೈಬರ್ ಅರಿವಿ.

ಹೆಡ್‌ಲೈಟ್ ಸುತ್ತ ಬಾನೆಟ್, ಫೆಂಡರ್, ಬಂಪರ್ ಮ್ಯಾಲೆ ಟೇಪು ಮೂರು ಪದರ ಹಚ್ಚರಿ. ಒಂದು ಪದರ 600ರ ಪೇಪರಿಗೆ ಒಂದ ಏಟಿಗೆ ಹರೀತೈತಿ, ಆಮೇಲೆ ಬಂಪರ್ ಪೇಂಟಿಗೇ ಗೀರು. ಗ್ಲಾಸಿನ ಅಂಚಿಗೆ ಟೇಪ್ ಕೂರಬಾರದು, ಗ್ಲಾಸ್ ಪೂರ್ತಿ ತೆರದಿರಬೇಕು. ಅಂಚಿನ ಹಳೇ ಲೇಪ ಉಳದ್ರ ಹೊಸ ಲೇಪ ಅಲ್ಲಿಂದನೇ ಏಳೂದು.

ಬಲಗಡೆ, ಸಿಪ್ಪಿ ಎದ್ದದ್ದು: 600ರಿಂದ ಶುರು. ನೀರು ಹಾಕ್ಕೋತ, ಬ್ಲಾಕಿಗೆ ಪೇಪರ್ ಸುತ್ತಿ, ಎಡಕ್ಕ-ಬಲಕ್ಕ ತಿಕ್ರಿ. ಬೆರಳಿನ್ಯಾಗ ಹಿಡದ್ರ ಬೆರಳಿನ ಸಾಲು ಮೂಡತಾವ, ರಾತ್ರಿ ಬೆಳಕು ಹಚ್ಚಿದಾಗ ಗ್ವಾಡಿ ಮ್ಯಾಲೆ ಕಾಣತಾವ. ಮೊದಲ ಇಳಿಯೂ ನೀರು ಹಳದಿ ಇರತೈತಿ, ಅದು ಹಳೇ ಲೇಪ. ನೀರು ಹಾಲಿನಂಗ ಬೆಳ್ಳಗಾದಾಗ ಬರೇ ಪ್ಲಾಸ್ಟಿಕ್ ತಿಕ್ಕಾಕತ್ತೀರಿ ಅಂತ. ಅಲ್ಲಿಗೆ ಸಾಕು. ಒರಸಿ ಒಣಗಿಸಿ ಟಾರ್ಚ್ ಹಿಡೀರಿ. ಎಲ್ಲಾ ಕಡೆ ಒಂದೇ ನಮೂನಿ ಮಬ್ಬು ಇರಬೇಕು. ನಡುವ ದ್ವೀಪದಂಗ ಹೊಳಿಯೂ ತುಂಡು ಕಂಡ್ರ ಅಲ್ಲೆ ಲೇಪ ಇನ್ನೂ ಐತಿ.

ಆಮೇಲೆ 1000, ಈ ಸಲ ಮ್ಯಾಲಿಂದ ಕೆಳಗ. ಹಿಂದಿನ ಅಡ್ಡ ಗೀರು ಒಂದೂ ಕಾಣದಂಗ ಆಗೂ ಮಟ. 1500 ಮತ್ತ ಅಡ್ಡ, 2000 ಉದ್ದ, 3000 ಅಡ್ಡ. ಪ್ರತಿ ನಂಬರ್ ಬದಲಿಸೂ ಮುಂಚೆ ಗ್ಲಾಸು, ಬ್ಲಾಕು, ಕೈ ಮೂರೂ ತೊಳೀರಿ. 600ರ ಒಂದು ಕಣ ಉಳದು 2000ದ ಪೇಪರ್ ಕೆಳಗ ಸಿಕ್ಕರ ಆಳ ಗೀರು ಬಿದ್ದು ಮತ್ತ ಹಿಂದಕ್ಕ ಹೋಗಬೇಕಾಗತೈತಿ.

ಎಡಗಡೆ ಬರೇ ಹಳದಿ ಇದ್ದದ್ದು: 1000ದಿಂದ ಶುರು ಮಾಡಿ ನೋಡ್ರಿ. ಹತ್ತು ನಿಮಿಷ ತಿಕ್ಕಿದ್ರೂ ನೀರು ಹಳದೀನೇ ಬರಾಕತ್ತಿದ್ರ 600ಕ್ಕ ಇಳೀರಿ.

ಬೆಟಗೇರಿ_ಮೆಕ್ಯಾನಿಕ್
600 ಭಾಳ ಒರಟು ಆತ್ರಿ. ಹೊಸಬರ ಕೈಯಾಗ 600 ಕೊಟ್ರ ಆ ಗೀರು ತೆಗೀಲಿಕ್ಕೇ ಒಂದು ತಾಸು ಬೇಕು. 800ರಿಂದ ಮಾಡ್ಸಿರಿ, ಹೊತ್ತು ಹಿಡದ್ರೂ ಕೆಡೂದಿಲ್ಲ.

ಗೋಕುಲ್‌ರೋಡ್_ಪೇಂಟ್
ಬೆಟಗೇರಿ ಅಣ್ಣಾ, ಬರೇ ಹಳದಿ ಇದ್ರ 800 ಒಪ್ಪತೀನಿ. ಸಿಪ್ಪಿ ಎದ್ದದ್ದಕ್ಕ 800 ಹಿಡದ್ರ ಏನಾಗತೈತಿ ಅಂದ್ರ, ಗಟ್ಟಿ ಲೇಪ ಇದ್ದಲ್ಲೆ ಪೇಪರ್ ಜಾರತೈತಿ, ಲೇಪ ಹೋದಲ್ಲೆ ಮೆತ್ತನ್ನ ಪ್ಲಾಸ್ಟಿಕ್ ಸವೀತೈತಿ. ತಗ್ಗು-ದಿನ್ನಿ ಬೀಳತಾವ. ಗಟ್ಟಿ ಲೇಪ ಒಂದ ಸಮ ಕೀಳಾಕ 600 ಬೇಕ ಬೇಕು. ಕೆಲವಕ್ಕ 400 ಸುದ್ದಾ ಬೇಕಾಗತೈತಿ.

ಬೆಟಗೇರಿ_ಮೆಕ್ಯಾನಿಕ್
ಸಿಪ್ಪಿಗೆ ಸರಿ. ಆದ್ರ 400 ಮನ್ಯಾಗ ಬ್ಯಾಡೇ ಬ್ಯಾಡ.

ನವನಗರ_ಅಕ್ಕ
ಕಲ್ಲು ಬಡಿದು ಬಿದ್ದ ಚುಕ್ಕಿಗಳನ್ನೂ ಇದೇ ರೀತಿ ತೆಗೆಯಬಹುದೇ? ಬೈಪಾಸಿನಲ್ಲಿ ಲಾರಿ ಹಿಂದೆ ಹೋದರೆ ಜಲ್ಲಿ ಸಿಡಿದು ಸಾಕಷ್ಟು ಬೀಳುತ್ತವೆ.

ಪಾಲಿಮರ್_ಧಾರವಾಡ
ಅಕ್ಕಾರ, ಉಗುರು ಆಡಿಸಿ ನೋಡ್ರಿ. ಉಗುರು ಸಿಕ್ಕೊಳ್ಳೂವಷ್ಟು ಆಳ ಇದ್ರ ಬಿಟ್ಟುಬಿಡ್ರಿ. ಅದರ ಬೆನ್ನು ಹತ್ತಿ ತಿಕ್ಕಿದ್ರ ಆ ಜಾಗಾ ಗುಳಿ ಬಿದ್ದು ಬೆಳಕು ಅಡ್ಡಾದಿಡ್ಡಿ ಬಾಗ್ತದ. ನಾಲ್ಕಾರು ಚುಕ್ಕಿ ಇದ್ರ ಬೆಳಕಿಗೆ ಅಂಥಾ ತೊಂದರೆ ಇಲ್ಲ, ಮಬ್ಬು ಹೋಗೂದು ಮುಖ್ಯ.

ರಾಣೆಬೆನ್ನೂರು_ಡೀಸೆಲ್
ಇಷ್ಟೆಲ್ಲಾ ಯಾಕ್ರೀ, ಎನ್‌ಸಿ ಥಿನ್ನರ್ ಅರಿವಿಗೆ ಹಾಕಿ ಒಂದು ಸಲ ಎಳದ್ರ ಹಳದಿ ಪೂರ್ತಿ ಕಿತ್ಗೊಂಡು ಬರತೈತಿ. ಪೇಪರಿನ ಖರ್ಚಿಲ್ಲ.

ಪಾಲಿಮರ್_ಧಾರವಾಡ
ಬ್ಯಾಡ್ರಿ! ಯಾರೂ ಹಂಗ ಮಾಡಬ್ಯಾಡ್ರಿ. ಎನ್‌ಸಿ ಥಿನ್ನರ್, ಅಸಿಟೋನ್, ನೇಲ್ ಪಾಲಿಶ್ ರಿಮೂವರ್, ಪೆಟ್ರೋಲ್, ಇವ್ಯಾವೂ ಪಾಲಿಕಾರ್ಬೊನೇಟಿಗೆ ತಾಗಬಾರದು. ಎರಕ ಹೊಯ್ದಾಗಿನ ಬಿಗುವು ಆ ಪ್ಲಾಸ್ಟಿಕ್ಕಿನ್ಯಾಗ ಉಳದಿರ್ತದ. ದ್ರಾವಕ ಒಳಗ ಇಳದ ಕೂಡಲೇ ಆ ಬಿಗುವು ಬಿರುಕಾಗಿ ಬಿಡ್ತದ, ಜೇಡರ ಬಲಿಯಂಗ ಸಣ್ಣ ಸಣ್ಣ ಎಳಿ. ಅದು ಆಳಕ್ಕ ಹೋದದ್ದು, ತಿಕ್ಕಿ ತೆಗಿಯೂ ಹಂಗಿಲ್ಲ, ಲೈಟ್ ಬದಲಿಸೂದೊಂದ ದಾರಿ.

ಸೊಳ್ಳೆ ಓಡಸೂ ಸ್ಪ್ರೇ ಹೊಡದು ಒರಸೂ ವಿಡಿಯೋನೂ ಇದೇ ನಮೂನಿ. ಅದರಾಗಿನ ಡೀಟ್ ಅನ್ನೂ ರಾಸಾಯನಿಕ ಪ್ಲಾಸ್ಟಿಕ್ಕಿನ ಮ್ಯಾಲ್ಮೈ ಕರಗಿಸಿ ಸವರಿಬಿಡ್ತದ, ಅದಕ್ಕ ಹೊಳೀತದ. ಕೊಬ್ಬರಿ ಎಣ್ಣಿ ಗೀರಿನ ತಗ್ಗು ತುಂಬಿ ಹೊಳಸ್ತದ, ಒಂದು ಮಳಿಗೆ ಹೋಗ್ತದ, ಅದರಿಂದ ಹಾಳೇನೂ ಇಲ್ಲ, ಧೂಳ ಅಂಟ್ತದ ಅಷ್ಟ.

ರಾಣೆಬೆನ್ನೂರು_ಡೀಸೆಲ್
ಮತ್ತ ಲೋಟದಾಗ ದ್ರವ ಕಾಯಿಸಿ ಹೊಗಿ ಹಿಡಸೂ ಕಿಟ್ ಬಂದಾವಲ್ಲ? ಹೊಗಿ ತಾಗಿದ ಕೂಡಲೇ ಗ್ಲಾಸ್ ಹೊಸದರಂಗ ಆಗತೈತಿ.

ಪಾಲಿಮರ್_ಧಾರವಾಡ
ಅದೂ ದ್ರಾವಕಾನೇ. ಅಂಥಾ ದ್ರವಗಳೊಳಗ ಡೈಕ್ಲೋರೋಮೀಥೇನ್, ಕ್ಲೋರೋಫಾರ್ಮ್ ಜಾತೀವು ಇರ್ತಾವ. ಆವಿ ತಾಗಿ ಮ್ಯಾಲ್ಮೈ ಕರಗಿ ನುಣುಪಾಗ್ತದ ಖರೆ, ಆದ್ರ ಯುವಿ ರಕ್ಷಣೆ ಅದರಾಗ ಶೂನ್ಯ, ಬಿರುಕಿನ ಅಂಜಿಕಿ ಬ್ಯಾರೆ. ಎಲ್ಲಾಕ್ಕಿಂತ ದೊಡ್ಡದು, ಆ ಆವಿ ಪುಪ್ಪುಸಕ್ಕ ಕೆಟ್ಟದ್ದು. ಮುಚ್ಚಿದ ಗ್ಯಾರೇಜಿನ್ಯಾಗ ಮಾಡಿದ್ರ ತಲಿ ತಿರುಗಿ ಬೀಳ್ತಾರ.

ಹಾವೇರಿ_ಹೈವೇ
ಒರೆಸಲು ಐಸೊಪ್ರೊಪೈಲ್ ಮಾತ್ರ. ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿದರೂ ಸಾಕು.

ಗೋಕುಲ್‌ರೋಡ್_ಪೇಂಟ್
ಹೌದು. ಆದ್ರ ಹಿಂದಿನ ಟೇಲ್ ಲ್ಯಾಂಪಿಗೆ ಅದನ್ನ ಹಚ್ಚಬ್ಯಾಡ್ರಿ. ಅವು ಹೆಚ್ಚಾಗಿ ಆಕ್ರಿಲಿಕ್. ಆಲ್ಕೋಹಾಲ್ ಆಕ್ರಿಲಿಕ್ಕಿಗೆ ಬಿರುಕು ತರತೈತಿ. ಅಲ್ಲೆ ಶಾಂಪೂ ನೀರು ಸಾಕು.

ಸಪ್ತಾಪುರ_ಬುಲೆಟ್
ಹೆಲ್ಮೆಟ್ ಗ್ಲಾಸಿಗೂ ಇದೇ ಪೇಪರ್ ಪದ್ಧತಿ ನಡೀತದೇನು?

ಹಾವೇರಿ_ಹೈವೇ
ಇಲ್ಲ. ವೈಸರ್ ಕಣ್ಣಿನ ಮುಂದೆಯೇ ಇರುವುದರಿಂದ ಸಣ್ಣ ಅಲೆ ಬಂದರೂ ನೋಟ ಬಾಗುತ್ತದೆ. ಅದು ಬದಲಿಸುವ ವಸ್ತು.

ಬೆಟಗೇರಿ_ಮೆಕ್ಯಾನಿಕ್
ಮುಖ್ಯ ಮಾತಿಗೆ ಬರ್ರಿ. 3000 ಆದ ಮ್ಯಾಲೆ ರಬ್ಬಿಂಗ್ ಕಂಪೌಂಡು, ಡ್ರಿಲ್ಲಿಗೆ ಫೋಮ್ ಪ್ಯಾಡ್ ಹಾಕಿ ಬಫ್ ಮಾಡಿದ್ರ ಆತು. ಕಡ್ಲಿಕಾಳಿನಷ್ಟು ಮೂರ್ನಾಲ್ಕು ಚುಕ್ಕಿ ಕಂಪೌಂಡ್ ಸಾಕು. ಪ್ಯಾಡ್ ಗ್ಲಾಸಿಗೆ ಹಚ್ಚಿದ ಮ್ಯಾಲೇ ಡ್ರಿಲ್ ಚಾಲೂ ಮಾಡ್ರಿ, ಇಲ್ಲಂದ್ರ ಬಾನೆಟ್ ತುಂಬ ಸಿಡೀತೈತಿ. ವೇಗ 1200-1500 ಸುತ್ತಿನ ಒಳಗ. ಒಂದೇ ಕಡೆ ನಿಲ್ಲಸಬ್ಯಾಡ್ರಿ. ಕೈ ಮುಟ್ಟಿ ನೋಡ್ರಿ, ಬೆಚ್ಚಗಿದ್ರ ಅಡ್ಡಿಯಿಲ್ಲ, ಸುಡಾಕತ್ರ ನಿಲ್ಲಸ್ರಿ. ಆಂಗಲ್ ಗ್ರೈಂಡರಿಗೆ ಉಣ್ಣಿ ಪ್ಯಾಡ್ ಹಾಕಿ ಮಾಡೋವ್ರು ಅದಾರ, ಅದು 10,000ಕ್ಕ ಮ್ಯಾಲೆ ತಿರಗತೈತಿ, ಪ್ಲಾಸ್ಟಿಕ್ ಮೆತ್ತಗಾಗಿ ಎಳಕೊಂಡು ಬರತೈತಿ, ಆ ಕಲಿ ಹೋಗಂಗಿಲ್ಲ.

ಅದರ ಮ್ಯಾಲೆ ಚಲೋ ಸೀಲಂಟ್ ವ್ಯಾಕ್ಸ್. ಎರಡು ತಿಂಗಳಿಗೊಮ್ಮೆ ಹಚ್ಚಕೋತ ಹೋದ್ರ ಕ್ಲಿಯರ್ ಗಿಯರ್ ಏನೂ ಬ್ಯಾಡ.

ಗೋಕುಲ್‌ರೋಡ್_ಪೇಂಟ್
ಇದನ್ನ ನಾ ಒಪ್ಪಂಗಿಲ್ಲ ಅಣ್ಣಾ. ವ್ಯಾಕ್ಸ್ ಅಂದ್ರ ಮಳಿಗಾಲದಾಗ ತೊಳದು ಹೋಗೂ ವಸ್ತು. ಎರಡು ತಿಂಗಳಿಗೊಮ್ಮೆ ಹಚ್ಚೋವ್ರು ಎಷ್ಟು ಮಂದಿ? ಮೂರನೇ ಸಲಕ್ಕ ಮರೀತಾರ, ಆರು ತಿಂಗಳಿಗೆ ಗ್ಲಾಸ್ ಮತ್ತ ಹಳದಿ, ಮತ್ತ ತಿಕ್ಕೂದು. ಪ್ರತಿ ಸಲ ತಿಕ್ಕಿದಾಗ ಅಂಚು, ಮೂಲಿ ತೆಳ್ಳಗಾಗತಾವ.

ಉಳಿಯೂದು ಟೂ-ಕೆ ಕ್ಲಿಯರ್. ಹಾರ್ಡನರ್ (ಗಟ್ಟಿ ಮಾಡೂ ದ್ರವ) ಕೂಡಸೂ ಆಟೊಮೊಬೈಲ್ ಪಿಯು (ಪಾಲಿಯುರೆಥೇನ್) ಕ್ಲಿಯರ್, ಗಾಡಿ ಮೈಗೆ ಹೊಡಿಯೂದ. ಇಲ್ಲೆ ಒಂದು ಗುಟ್ಟು ಐತಿ: ಕ್ಲಿಯರ್ ಹೊಡಿಯೂದು ಇದ್ರ 1000 ಇಲ್ಲಾ 1500ಕ್ಕ ನಿಲ್ಲಸಬೇಕು. 3000 ಮಾಡಿ ಕಂಪೌಂಡ್ ಹಚ್ಚಿ ಕನ್ನಡಿ ಮಾಡಿದ್ರ ಕ್ಲಿಯರಿಗೆ ಹಿಡಕೊಳ್ಳಾಕ ಜಾಗಾ ಇರಂಗಿಲ್ಲ, ಹಾಳಿಯಂಗ ಎದ್ದು ಬರತೈತಿ. 1500ರ ಗೀರು ಕ್ಲಿಯರ್ ತುಂಬಿಕೊಂಡು ತಿಳಿಯಾಗತೈತಿ. ಕಂಪೌಂಡಿನ್ಯಾಗ ಎಣ್ಣಿ, ಸಿಲಿಕೋನ್ ಇರತಾವ, ಅದು ತಾಗಿದ ಮ್ಯಾಲೆ ಕ್ಲಿಯರ್ ಹೊಡದ್ರ ಮೀನಿನ ಕಣ್ಣಿನಂಗ ತೂತು ತೂತು ಬೀಳತೈತಿ.

ಬೆಟಗೇರಿ_ಮೆಕ್ಯಾನಿಕ್
ಕ್ಲಿಯರ್ ಕೆಟ್ರ? ವ್ಯಾಕ್ಸ್ ಕೆಟ್ರ ಒರಸಿ ಮತ್ತ ಹಚ್ಚಬಹುದು. ಕ್ಲಿಯರ್ ಇಳದು ಕಣ್ಣೀರಿನಂಗ ಹೆಪ್ಪುಗಟ್ಟಿದ್ರ, ಇಲ್ಲಾ ನಮ್ಮ ಗದಗಿನ ಗಾಳಿಗೆ ಧೂಳ ಕುಂತ್ರ ಎಲ್ಲಾ ಕಿತ್ತು ಮೊದಲಿಂದ ಶುರು. ಗಾಳಿಯಂತ್ರ ನಿಂತ ಊರಾಗ ಹೊರಗ ಸ್ಪ್ರೇ ಹೊಡಿಯೂದು ಅಷ್ಟು ಸುಲಭ ಅಲ್ಲ. ಮನ್ಯಾಗ ಮೊದಲ ಸಲ ಮಾಡೋವ್ರಿಗೆ ವ್ಯಾಕ್ಸ್, ಇಲ್ಲಾ ಒರಸಿ ಹಚ್ಚೂ ಯುವಿ ಲೇಪಾನೇ ಸರಿ.

ಪಾಲಿಮರ್_ಧಾರವಾಡ
ಒರಸಿ ಹಚ್ಚೂ ಲೇಪ ಸುಮಾರು ಒಂದೆರಡು ವರ್ಷ ನಿಲ್ಲಬಹುದು, ಸರಿಯಾಗಿ ಹಚ್ಚಿದ್ರ. ಒಂದೇ ಎಳತಕ್ಕ, ಒಂದೇ ದಿಕ್ಕಿಗೆ, ಮ್ಯಾಲಿಂದ ಕೆಳಗ ಸಾಲು ಸಾಲಾಗಿ ಎಳದು ಬಿಡಬೇಕು. ಅರ್ಧ ಒಣಗಿದ್ದರ ಮ್ಯಾಲೆ ತಿರುಗಿ ಕೈ ಆಡಿಸಿದ್ರ ಎಳಿ ಎಳಿ ಗುರುತು ಉಳೀತಾವ. ಸಿರಾಮಿಕ್ ಕೋಟಿಂಗ್ ಅಂತ ಮಾರೂದು ಭಾಳ ತೆಳು, ನೀರು ಜಾರಸ್ತದ, ಬರೇ ಅದರ ಮ್ಯಾಲೆ ಯುವಿ ಭಾರ ಹಾಕಬ್ಯಾಡ್ರಿ.

ನವನಗರ_ಅಕ್ಕ
ಮರಗೆಲಸದವರು ಬಾಗಿಲಿಗೆ ಹೊಡೆಯುವ ಪಿಯು ಪಾಲಿಶ್ ಇದೆಯಲ್ಲ, ಅದನ್ನೇ ಹಚ್ಚಿದರೆ? ಅದೂ ಹಾರ್ಡನರ್ ಕೂಡಿಸುವುದೇ.

ಪಾಲಿಮರ್_ಧಾರವಾಡ
ಒಳ್ಳೆ ಪ್ರಶ್ನೆ ಅಕ್ಕಾರ. ಪಿಯುದಾಗ ಎರಡು ಜಾತಿ. ಆರೊಮ್ಯಾಟಿಕ್ ಹಾರ್ಡನರಿಂದು ಅಗ್ಗ, ಮನಿ ಒಳಗಿನ ಮರಕ್ಕ ನಡೀತದ, ಆದ್ರ ಬಿಸಲಿಗೆ ತಾನೇ ಹಳದಿ ಆಗ್ತದ. ಗಾಡಿ ಕ್ಲಿಯರಿನ ಹಾರ್ಡನರ್ ಅಲಿಫ್ಯಾಟಿಕ್, ಅದು ಹಳದಿ ತಿರುಗೂದಿಲ್ಲ. ಬಾಗಿಲಿನ ಪಾಲಿಶ್, ಮೆಲಮೈನ್, ವಾರ್ನಿಶ್ ಯಾವೂ ಹೆಡ್‌ಲೈಟಿಗೆ ಬ್ಯಾಡ.

ಉಣಕಲ್_ಸವಾರ
ಗೋಕುಲ್‌ರೋಡ್ ಅಣ್ಣಾರ, ಕ್ಲಿಯರ್ ಹೊಡಿಯೂ ಕ್ರಮಾನೂ ಬರದು ಬಿಡ್ರಿ. ಕಂಪ್ರೆಸರ್ ಇಲ್ಲ, ಡಬ್ಬಿ ಸ್ಪ್ರೇದಾಗ ಆಗತೈತೇನು?

ಗೋಕುಲ್‌ರೋಡ್_ಪೇಂಟ್
ಆಗತೈತಿ. ಟೂ-ಕೆ ಡಬ್ಬಿ ಅಂತ ಬರತೈತಿ, ತಳದಾಗ ಒಂದು ಗುಂಡಿ ಇರತೈತಿ. ಅದನ್ನ ಒತ್ತಿದ ಮ್ಯಾಲೆ ಒಳಗಿನ ಹಾರ್ಡನರ್ ಕೂಡತೈತಿ, ಆಮೇಲೆ ಎರಡು ನಿಮಿಷ ಗಟ್ಟ್ಯಾಗಿ ಅಲ್ಲಾಡಸಬೇಕು. ಒಮ್ಮೆ ಒತ್ತಿದ್ರ ಒಂದೆರಡು ದಿನದಾಗ ಡಬ್ಬಿ ಒಳಗೇ ಗಟ್ಟಿಯಾಗತೈತಿ, ಅದಕ್ಕ ಎರಡೂ ಲೈಟ್ ತಿಕ್ಕಿ ತಯಾರ ಆದ ಮ್ಯಾಲೇ ಒತ್ತ್ರಿ. ಗುಂಡಿ ಇಲ್ಲದ ಸಾದಾ ಕ್ಲಿಯರ್ ಡಬ್ಬಿ ಒನ್-ಕೆ, ಬಿಸಲಿಗೆ, ಪೆಟ್ರೋಲಿಗೆ ನಿಲ್ಲಂಗಿಲ್ಲ.

ತಿಕ್ಕಿದ ಮ್ಯಾಲೆ ಐಸೊಪ್ರೊಪೈಲ್ ಹಚ್ಚಿ ಎರಡು ಸಲ ಒರಸ್ರಿ. ಸಂದಿನ್ಯಾಗ ನೀರು ನಿಂತಿರತೈತಿ, ಅದು ಸ್ಪ್ರೇ ಹೊಡಿಯೂ ಹೊತ್ತಿಗೇ ಹನಿಕತೈತಿ. ಊದಿ ತೆಗೀರಿ. ಹಳೇ ಟೇಪು ನೀರಿಗೆ ನೆನದಿರತೈತಿ, ಕಿತ್ತು ಹೊಸದು ಹಚ್ಚ್ರಿ, ಬಾನೆಟ್ಟು, ಟೈರು, ಮುಂದಿನ ಗ್ಲಾಸ್ ಎಲ್ಲಾ ಪೇಪರ್ ಹಾಕಿ ಮುಚ್ಚ್ರಿ. ಕ್ಲಿಯರಿನ ಮಂಜು ದೂರ ಹೋಗಿ ಕೂರತೈತಿ.

20-25 ಸೆಂಟಿಮೀಟರ್ ದೂರ. ಮೊದಲನೇ ಕೋಟ್ ಮಂಜು ಬಿದ್ದಂಗ ತೆಳ್ಳಗ, ಗ್ಲಾಸ್ ಪೂರ್ತಿ ಒದ್ದಿ ಆಗಬಾರದು. ಇದು ಮುಖ್ಯ, ಯಾಕಂದ್ರ ಕ್ಲಿಯರಿನ್ಯಾಗೂ ಥಿನ್ನರ್ ಐತಿ, ಮೊದಲ ಕೋಟ್ ದಪ್ಪ ಹೊಡದ್ರ ಪಾಲಿಮರ್ ಸರ್ ಹೇಳಿದ ಬಿರುಕು ಇಲ್ಲೂ ಬರತೈತಿ. 10 ನಿಮಿಷ ಬಿಡ್ರಿ. ಎರಡನೇದು ಒದ್ದಿ ಕೋಟ್, ಮತ್ತ 10 ನಿಮಿಷ, ಮೂರನೇದೂ ಒದ್ದಿ ಕೋಟ್. ಗ್ಲಾಸಿನ ಹೊರಗ ಸ್ಪ್ರೇ ಶುರು ಮಾಡಿ ಹೊರಗೇ ಬಿಡ್ರಿ. ನಡುವ ನಿಲ್ಲಸಿದ್ರ ಅಲ್ಲೆ ಇಳೀತೈತಿ. ಕಡೇ ಕೋಟ್ ಆಗಿ ಅರ್ಧ ತಾಸಿನ ಒಳಗ, ಇನ್ನೂ ಮೆತ್ತಗ ಇದ್ದಾಗಲೇ ಟೇಪ್ ಕೀಳ್ರಿ, ಪೂರ್ತಿ ಒಣಗಿದ ಮ್ಯಾಲೆ ಕಿತ್ರ ಅಂಚು ಹರಕೊಂಡು ಬರತೈತಿ. ಒಂದು ದಿನ ಗಾಡಿ ಮುಟ್ಟಬ್ಯಾಡ್ರಿ, ಒಂದು ವಾರ ಶಾಂಪೂ, ಪ್ರೆಶರ್ ವಾಶ್ ಬ್ಯಾಡ.

ಹೊತ್ತು: ಬೆಳಿಗ್ಗೆ 8ರಿಂದ 10, ಗಾಳಿ ಕಡಿಮಿ ಇದ್ದಾಗ, ನೆರಳಾಗ. ಮಧ್ಯಾಹ್ನದ ಬಿಸಲಿಗೆ ಕ್ಲಿಯರ್ ಗ್ಲಾಸ್ ಮುಟ್ಟೂ ಮುಂಚೇನೇ ಒಣಗಿ ಕಿತ್ತಳಿ ಸಿಪ್ಪಿಯಂಗ ಒರಟಾಗತೈತಿ. ಜುಲೈ-ಆಗಸ್ಟಿನ ಜಿಟಿಜಿಟಿ ಮಳ್ಯಾಗಂತೂ ಬ್ಯಾಡ, ತೇವಕ್ಕ ಹಾರ್ಡನರ್ ನೊರಿ ಏಳತೈತಿ.

ಪಾಲಿಮರ್_ಧಾರವಾಡ
ಒಂದು ಮಾತು ಸೇರಸ್ಲೇಬೇಕು. ಆ ಹಾರ್ಡನರ್ ಐಸೊಸಯನೇಟ್. ಅರಿವಿ ಮಾಸ್ಕು, ಎನ್95 ಎರಡೂ ಆವಿ ತಡಿಯೂದಿಲ್ಲ. ಸಾವಯವ ಆವಿ ಕಾರ್ಟ್ರಿಜ್ ಇರೂ ಮಾಸ್ಕು, ಕನ್ನಡಕ, ನೈಟ್ರೈಲ್ ಗ್ಲೌಸ್ ಬೇಕು, ಅದೂ ಬಯಲಾಗ. ಅಸ್ತಮಾ ಇದ್ದವರು ಈ ಕೆಲಸಾನೇ ಮಾಡಬಾರದು, ಹತ್ರಾನೂ ನಿಲ್ಲಬಾರದು. ಒಮ್ಮೆ ಮೈ ಇದಕ್ಕ ಸೂಕ್ಷ್ಮ ಆದ್ರ ಆಮೇಲೆ ಚೂರು ತಾಗಿದ್ರೂ ಉಸಿರು ಕಟ್ತದ. ಮಾಸ್ಕ್ ಇಲ್ಲಂದ್ರ ತಿಕ್ಕೂ ಕೆಲಸ ಮನ್ಯಾಗ ಮುಗಿಸಿ ಕ್ಲಿಯರ್ ಮಾತ್ರ ಪೇಂಟ್ ಬೂತ್ ಇರೂ ಗ್ಯಾರೇಜಿನ್ಯಾಗ ಹೊಡಸ್ರಿ.

ಬೆಟಗೇರಿ_ಮೆಕ್ಯಾನಿಕ್
ಇದು ಬರೋಬರಿ. ಅರ್ಧ ಕೆಲಸ ನೀವು, ಅರ್ಧ ಪೇಂಟರ್. ಖರ್ಚೂ ಕಡಿಮಿ ಬೀಳತೈತಿ. ಆದ್ರ ಒಯ್ಯೂ ಮುಂಚೆ ಕಂಪೌಂಡ್, ವ್ಯಾಕ್ಸ್ ಏನೂ ಮುಟ್ಟಿಸಬ್ಯಾಡ್ರಿ.

ಸಪ್ತಾಪುರ_ಬುಲೆಟ್
ಹೆಡ್‌ಲೈಟಿಗೆ ಪಿಪಿಎಫ್ ಫಿಲ್ಮ್ (ಗಾಡಿ ಬಣ್ಣ ಕಾಯೂ ಪಾರದರ್ಶಕ ಪ್ಲಾಸ್ಟಿಕ್ ಹಾಳಿ) ಹಚ್ಚಿಸಿದ್ರ ಇದ್ಯಾವ ತ್ರಾಸೂ ಇಲ್ಲಲ್ಲ?

ಗೋಕುಲ್‌ರೋಡ್_ಪೇಂಟ್
ಹೊಸಾ ಗಾಡಿಗೆ ಎಲ್ಲಾಕ್ಕಿಂತ ಚಲೋ ಉಪಾಯ ಅದು. ಜಲ್ಲಿ ಏಟೂ ತಡೀತೈತಿ. ಹಳೇದಕ್ಕ ಹಚ್ಚಸೂದಾದ್ರ ಮೊದಲ 3000 ಮಟ ತಿಕ್ಕಿ ಪಾಲಿಶ್ ಮಾಡಿರಬೇಕು. ಸಿಪ್ಪಿ ಎದ್ದದ್ದರ ಮ್ಯಾಲೆ ಫಿಲ್ಮ್ ಹಚ್ಚಿದ್ರ ಒಳಗ ಮಬ್ಬು ಹಂಗೇ ಕಾಣತೈತಿ, ಆರು ತಿಂಗಳಿಗೆ ಫಿಲ್ಮ್ ಕೀಳಾಕ ಹೋದ್ರ ಲೇಪಾನೂ ಜೋಡಿಗೆ ಬರತೈತಿ.

ರಾಣೆಬೆನ್ನೂರು_ಡೀಸೆಲ್
ಹಿಂದಿನ ಗಾಡಿಗಳ ಗಾಜಿನ ಹೆಡ್‌ಲೈಟಿಗೆ ಈ ಕಾಟ ಇರಲಿಲ್ಲ. ಕಂಪನಿಯವ್ರು ಯಾಕ ಬದಲಿಸಿದ್ರೋ.

ಹಾವೇರಿ_ಹೈವೇ
ಅಮೆರಿಕದಲ್ಲಿ 1983ರಲ್ಲಿ ಬಲ್ಬ್ ಬದಲಿಸುವ ಹೊಸ ನಮೂನೆಯ ಹೆಡ್‌ಲೈಟಿಗೆ ಅನುಮತಿ ಸಿಕ್ಕ ಮೇಲೆ ಪ್ಲಾಸ್ಟಿಕ್ ಲೆನ್ಸ್ ಹರಡಿತು. ತೂಕ, ಆಕಾರ, ಒಡೆಯದಿರುವುದು ಮೂರೂ ಕಾರಣ. ಗಾಜು ಹಳದಿಯಾಗದು ನಿಜ, ಆದರೆ ಜಲ್ಲಿಗೆ ಸೀಳುತ್ತದೆ. ಹಳೆ ಗಾಡಿಯ ಗಾಜಿಗೆ ಗೀರು ಬಿದ್ದಿದ್ದರೆ ವಾಟರ್ ಪೇಪರ್ ಮುಟ್ಟಿಸಬೇಡಿ, ಅದಕ್ಕೆ ಸೀರಿಯಂ ಆಕ್ಸೈಡ್ ಪುಡಿ ಬೇಕು.

ನವನಗರ_ಅಕ್ಕ
ಮಳೆಗಾಲದ ಬೆಳಿಗ್ಗೆ ಗ್ಲಾಸಿನ ಒಳಗೆ ಹಬೆ ಕಟ್ಟುತ್ತದಲ್ಲ, ಅದಕ್ಕೂ ಈ ಮಬ್ಬಿಗೂ ಸಂಬಂಧ ಇದೆಯೇ?

ಬೆಟಗೇರಿ_ಮೆಕ್ಯಾನಿಕ್
ಇಲ್ಲ ಅಕ್ಕಾರ. ತೆಳ್ಳಗ ಹಬಿ ಕಟ್ಟಿ, ಲೈಟ್ ಹಚ್ಚಿದ ಅರ್ಧ ತಾಸಿನ್ಯಾಗ ಹೋದ್ರ ಅದು ಸಹಜ, ಹೆಡ್‌ಲೈಟಿಗೆ ಉಸಿರಾಡೂ ತೂತು ಇಟ್ಟಿರತಾರ. ತಳದಾಗ ನೀರು ನಿಂತ್ರ ತೊಂದರೆ. ಹಿಂದಿನ ರಬ್ಬರ್ ಮುಚ್ಚಳ ನೋಡ್ರಿ, ಬಲ್ಬ್ ಬದಲಿಸಿದಾಗ ಅರ್ಧಂಬರ್ಧ ಕೂಡ್ರಿಸಿರತಾರ. ಅದು ಸರಿ ಇದ್ರ ಗ್ಲಾಸ್-ಬಾಡಿ ನಡುವಿನ ಬ್ಯೂಟೈಲ್ ಅಂಟು ಬಿಟ್ಟಿರತೈತಿ. ನೀರು ಇಳೀಲಿ ಅಂತ ತಳಕ್ಕ ಡ್ರಿಲ್ ಹಾಕಬ್ಯಾಡ್ರಿ, ಅಲ್ಲಿಂದ ಧೂಳ ಹೊಕ್ಕು ರಿಫ್ಲೆಕ್ಟರ್ ಹಾಳಾಗತೈತಿ.

ಬ್ಯಾಡಗಿ_ಕೆಂಪು
ಇದೆಲ್ಲಾ ಓದಿದ ಮ್ಯಾಲೆ ಒಂದು ಪ್ರಶ್ನೆ. ಹಳದಿ ಬೀಳದಂಗ ಮೊದಲೇ ನೋಡಿಕೊಳ್ಳಾಕ ಏನು ಮಾಡಬೇಕು?

ಪಾಲಿಮರ್_ಧಾರವಾಡ
ಮೂಗು ಪಶ್ಚಿಮಕ್ಕ ಮಾಡಿ ಬಿಸಲಾಗ ನಿಲ್ಲಸಬ್ಯಾಡ್ರಿ, ಗ್ವಾಡಿ ಕಡೆ ಮುಖ ಮಾಡಿ ನಿಲ್ಲಸ್ರಿ. ಎರಿ ಮಣ್ಣಿನ ಧೂಳ ಕುಂತಿದ್ದನ್ನ ಒಣಾ ಅರಿವೀಲೆ ಒರಸಬ್ಯಾಡ್ರಿ, ಲೇಪ ಸವಿಯೂದು ಅಲ್ಲಿಂದನೇ ಶುರು. ಮೊದಲ ನೀರು ಸುರೀರಿ. ಸವಳು ಬೋರ್ ನೀರಿನ ಬಿಳೀ ಕಲಿ ಕುಂತ್ರ ಒಂದು ಪಾಲು ವಿನಿಗರ್‌ಗೆ ಒಂದು ಪಾಲು ನೀರು ಕೂಡಿಸಿ ಒರಸಿ ತೊಳೀರಿ.

ಹಾವೇರಿ_ಹೈವೇ
ಕೆಲಸ ಮುಗಿದ ಮೇಲೆ ಬೆಳಕಿನ ಎತ್ತರ ನೋಡುವುದನ್ನು ಬಿಡಬೇಡಿ. ಮಬ್ಬಿನಲ್ಲಿ ಕಾಣುವುದಿಲ್ಲವೆಂದು ಬಹಳ ಗಾಡಿಗಳಲ್ಲಿ ಬೀಮ್ ಮೇಲಕ್ಕೆ ತಿರುಗಿಸಿರುತ್ತಾರೆ, ಗ್ಲಾಸ್ ತಿಳಿಯಾದ ಮೇಲೆ ಅದು ಎದುರಿನವರ ಕಣ್ಣಿಗೆ ನೇರ. ಸಮತಟ್ಟು ಜಾಗದಲ್ಲಿ, ಟೈರ್ ಗಾಳಿ ಸರಿ ಇರುವಾಗ, ಒಳಗಿನ ಲೆವೆಲ್ ಚಕ್ರ 0ಗೆ ಇಟ್ಟು, ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಹೆಡ್‌ಲೈಟಿನ ನಡುಭಾಗ ನೆಲದಿಂದ 65 ಸೆಂಟಿಮೀಟರ್ ಇದ್ದರೆ ಲೋ ಬೀಮಿನ ಮೇಲಂಚು ಗೋಡೆಯ ಮೇಲೆ ಸುಮಾರು 55ಕ್ಕೆ ಬೀಳಬೇಕು, ಅಂದರೆ 10 ಸೆಂಟಿಮೀಟರ್ ಕೆಳಗೆ. ಹೆಡ್‌ಲೈಟ್ ಹಿಂದಿನ ತಿರುಪು ತಿರುಗಿಸಿ ಹೊಂದಿಸಿ.

ಉಣಕಲ್_ಸವಾರ
ಭಾಳ ಉಪಕಾರ ಆತ್ರಿ. ನೀರಿನ ಪರೀಕ್ಷೆ ಮಾಡಿದೆ, ಎರಡೂ ಒದ್ದಿ ಇದ್ದಾಗ ತಿಳಿ ಆದುವು. ಹಂಗಾದ್ರ ಬಲಕ್ಕ 600-1000-1500, ಎಡಕ್ಕ 1000-1500, ಕ್ಲಿಯರ್ ಪೇಂಟರ್ ಕಡೆ. 2000, 3000, ಕಂಪೌಂಡ್ ಬ್ಯಾಡ ಅಲ್ಲೇನ್ರಿ? ತಿಕ್ಕಿದ್ದು ರವಿವಾರ, ಪೇಂಟರ್ ಹೊತ್ತು ಕೊಟ್ಟಿದ್ದು ಬುಧವಾರ ಆದ್ರ ನಡುವ ಮೂರು ದಿನ ಏನಾರ ಆಗತೈತೇನು?

ಗೋಕುಲ್‌ರೋಡ್_ಪೇಂಟ್
2000, 3000 ಬ್ಯಾಡ. ಮೂರು ದಿನಕ್ಕ ಪ್ಲಾಸ್ಟಿಕ್ಕಿಗೆ ಏನೂ ಆಗಂಗಿಲ್ಲ, ಆದ್ರ ಧೂಳ, ಕೈ ಎಣ್ಣಿ ಆ ಗೀರಿನ್ಯಾಗ ಕೂರತಾವ. ಬುಧವಾರ ಮುಂಜಾನೆ 1500ರ ಹೊಸಾ ಪೇಪರ್ ನೀರು ಹಚ್ಚಿ ಒಂದೆರಡು ನಿಮಿಷ ಮತ್ತ ಆಡಸ್ರಿ, ಐಸೊಪ್ರೊಪೈಲಿನಿಂದ ಒರಸ್ರಿ, ಆಮೇಲೆ ಒಯ್ಯ್ರಿ. ಅಷ್ಟರ ಮಟ ರಾತ್ರಿ ಗಾಡಿ ಹೊರಗ ತೆಗೀಬ್ಯಾಡ್ರಿ, 1500ಕ್ಕ ನಿಂತ ಗ್ಲಾಸಿನ್ಯಾಗ ಬೆಳಕು ಈಗಿರೂದಕ್ಕಿಂತ ಹೆಚ್ಚು ಚದರತೈತಿ.

ಬೆಟಗೇರಿ_ಮೆಕ್ಯಾನಿಕ್
ಪೇಂಟರಿಗೆ ಮೊದಲನೇ ಕೋಟ್ ತೆಳ್ಳಗ ಅಂತ ನೀವೇ ನೆನಪ ಮಾಡ್ರಿ. ಗಾಡಿ ಮೈಗೆ ಹೊಡದು ರೂಢಿ ಇರೋವ್ರು ಮೊದಲೇ ಒದ್ದಿ ಕೋಟ್ ಹೊಡೀತಾರ.